ಮೈ ಸುಡೋದೆಲ್ಲಾ ಜ್ವರ ಅಲ್ಲ

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ನಮ್ಮಪ್ಪಗ 60 ದಾಟ್ಯಾವ, ಬಿಪಿ ಗುಳಿಗಿ ತಗೋತಾರ. ಮೇ ತಿಂಗ್ಳಾಗ ಮಧ್ಯಾಹ್ನ ಹೊಲದಾಗ ಇದ್ದವ್ರು ಒಮ್ಮಿಗ್ಲೇ ಏನೇನೋ ಬಡಬಡಿಸಾಕತ್ತಿದ್ರು, ಮೈ ಕೆಂಡ, ಥರ್ಮಾಮೀಟರ್ 105 ತೋರಿಸ್ತು. ಜ್ವರ ಅಂತ ಕೌದಿ ಹೊಚ್ಚಿ ಪ್ಯಾರಾಸಿಟಮಾಲ್ ಕೊಟ್ವಿ, ಇಳೀಲಿಲ್ಲ. ಆಸ್ಪತ್ರ್ಯಾಗ ಇದು ಜ್ವರನ ಅಲ್ಲ ಅಂದು ಮೈಮ್ಯಾಲ ಐಸ್ ನೀರು ಸುರದ್ರು. ಈಗ ಆರಾಮ ಅದಾರ. 105 ಇದ್ರೂ ಜ್ವರ ಅಲ್ಲ ಅಂದ್ರ ಹೆಂಗ್ರಿ?
(ರಾಯಚೂರು ಜಿಲ್ಲೆಯ ಓದುಗರು)

ಉತ್ತರ: ಆಸ್ಪತ್ರೆಯವ್ರು ಹೇಳಿದ್ದು ಸರಿನೇ, ನಿಮ್ಮ ತಂದೆಯವ್ರಿಗೆ ಆಗಿದ್ದು ಹೀಟ್ ಸ್ಟ್ರೋಕ್, ನಿಮ್ಮ ಕಡೆ ಜಳ ಬಡಿಯೋದು ಅಂತಾರಲ್ಲ ಅದರ ತೀರಾ ಕೆಟ್ಟ ಹಂತ. ನೋಡಿ, ಮಲೇರಿಯಾ ಡೆಂಗ್ಯೂ ಥರದ ಜ್ವರದಲ್ಲಿ ಮೆದುಳಿನ ಹೈಪೋಥಲಾಮಸ್ ಅನ್ನೋ ಭಾಗ ತಾನೇ ಫ್ರಿಜ್ ತಿರುಗಣಿ ತಿರುಗಿಸಿದ ಹಾಗೆ ಮೈ ಬಿಸಿ ಎಷ್ಟಿರಬೇಕು ಅನ್ನೋದನ್ನ ಮೇಲೇರಿಸುತ್ತೆ, ಅದಕ್ಕೇ ಮೈ ಸುಡ್ತಿದ್ರೂ ಚಳಿ ಅಂತ ನಡುಗ್ತೀವಿ, ಪ್ಯಾರಾಸಿಟಮಾಲ್ ಆ ತಿರುಗಣಿನ ಕೆಳಗಿಳಿಸುತ್ತೆ ಅಷ್ಟೇ. ಬಿಸಿಲಿನ ಹೊಡೆತದಲ್ಲಿ ತಿರುಗಣಿ ಇದ್ದಲ್ಲೇ ಇರುತ್ತೆ, ಒಳಗೆ ಸೇರಿದ ಶಾಖ ಹೊರಗೆ ಹೋಗೋಕೆ ಆಗ್ತಿರಲ್ಲ. ಗುಳಿಗೆಗೆ ಅಲ್ಲಿ ಕೆಲಸವೇ ಇಲ್ಲ, ಮೊದಲೇ ಬಳಲಿದ ಲಿವರ್‌ಗೆ ಅದೊಂದು ಹೊರೆ ಬೇರೆ.

ಬರೀ ನಂಬರ್ ನೋಡಿದ್ರೆ ಇದು ಗೊತ್ತಾಗಲ್ಲ. ಮೈಯೊಳಗಿನ ಶಾಖ 104 ದಾಟಿ, ಜೊತೆಗೆ ಬಡಬಡಿಸೋದು, ತೂರಾಡೋದು, ಫಿಟ್ಸ್, ಎಚ್ಚರ ತಪ್ಪೋದು ಇದ್ರೆ ಹೀಟ್ ಸ್ಟ್ರೋಕ್ ಅಂತಲೇ ಹಿಡೀಬೇಕು. ಕಂಕುಳಲ್ಲಿ ನೋಡಿದ್ರೆ ಒಳಗಿರೋದಕ್ಕಿಂತ ಕಡಿಮೆನೇ ತೋರಿಸೋದು, ಅದನ್ನ ನಂಬಿ ಸುಮ್ನೆ ಕೂರಬೇಡಿ. ಬೆವರು ನಿಂತಿರಲೇಬೇಕು ಅಂತೇನೂ ಇಲ್ಲ, ದುಡೀತಾ ಬಿದ್ದವ್ರು ಬೆವರಲ್ಲಿ ತೊಯ್ದಿರಬಹುದು.

ಆಗ ಮಾಡೋದೇನು ಅಂದ್ರೆ 108ಕ್ಕೆ ಫೋನ್ ಮಾಡಿ, ಅದು ಬರೋವರೆಗೂ ಕಾಯದೆ ನೆರಳಿಗೆ ಎಳೆದು ಬಟ್ಟೆ ಸಡಿಲ ಮಾಡಿ ಬೋರ್‌ವೆಲ್ ನೀರೋ ಕೊಡದ ನೀರೋ ಮೈತುಂಬಾ ಸುರೀತಾ ಗಾಳಿ ಹಾಕ್ತಾ ಇರಿ, ಐಸ್ ಸಿಕ್ಕಿದ್ರೆ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಿ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣ್ಣಗಾದ್ರೆ ಬದುಕೋ ಚಾನ್ಸ್ ಬಹಳ ಜಾಸ್ತಿ. ಎಚ್ಚರ ಸರಿ ಇಲ್ಲದವ್ರ ಬಾಯಿಗೆ ನೀರು ಹಾಕಬೇಡಿ, ಉಸಿರು ನಾಳಕ್ಕೆ ಹೋಗುತ್ತೆ. ಕೌದಿ ಹೊದಿಸಿದ್ದಂತೂ ಪೂರ್ತಿ ಉಲ್ಟಾ ಆಯ್ತು. ಇನ್ನು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಕೊಳ್ಳೋದು ಇದೆಯಲ್ಲ, ಅದನ್ನ ಊಟಕ್ಕೆ ತಿನ್ನಿ, ಜಳ ತಡೆಯೋಕೆ ನೆಚ್ಚಿಕೊಳ್ಳಬೇಡಿ.



ತಂದೆಯವ್ರು ಈಗ ಆರಾಮ ಅಂದ್ರೂ ಕಿಡ್ನಿ, ಲಿವರ್ ಟೆಸ್ಟ್ ಇನ್ನೊಮ್ಮೆ ಮಾಡಿಸಬೇಕಾ ಅಂತ ಅವರ ಡಾಕ್ಟರನ್ನ ಕೇಳಿ. ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚು ಮಾಡೋದು ಇದ್ರೆ ಬೇಸಿಗೆಗೆ ಡೋಸ್ ಬದಲಿಸಬೇಕಾಗಬಹುದು, ನೀವಾಗೇ ನಿಲ್ಲಿಸಬೇಡಿ. ಒಮ್ಮೆ ಹೀಗಾದವ್ರಿಗೆ ಕೆಲವು ಕಾಲ ಬಿಸಿಲು ತಡೆಯೋ ಶಕ್ತಿ ಕಡಿಮೆ ಇರುತ್ತೆ, ಹೊಲದ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಸಲಿ.