ಮನೆಬೆಕ್ಕಿಗೆ ಹೊಸ ಮರಿಯ ಪರಿಚಯ

ಪ್ರಶ್ನೆ: ಅಡಿಕೆ ತೋಟದಲ್ಲಿ ಸಿಕ್ಕಿದ ಮರಿಯೊಂದನ್ನು ಮನೆಯೊಳಗೆ ತಂದಂದಿನಿಂದ ನಮ್ಮ ಹಳೆಯ ಹೆಣ್ಣುಬೆಕ್ಕು ಬುಸುಗುಟ್ಟುತ್ತ ಅಟ್ಟ ಸೇರಿದೆ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮರಿಯನ್ನು ಪಶುವೈದ್ಯರಿಗೆ ತೋರಿಸಿ, ಒಂದೆರಡು ವಾರ ಬೇರೆ ಕೋಣೆಯಲ್ಲಿಯೇ ಇರಿಸಿರಿ. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿರುವುದರಿಂದ, ಮರಿಯ ಕೆನ್ನೆಗೆ ಉಜ್ಜಿದ ಹಳೆಯ ಬೈರಾಸನ್ನು ಹಿರಿಯದು ಮಲಗುವಲ್ಲಿ ಹಾಸಿ, ಮುಚ್ಚಿದ ಬಾಗಿಲಿನ ಎರಡೂ ಬದಿಗಳಲ್ಲಿ ಏಕಕಾಲಕ್ಕೆ ಮೀನು ಬೆರೆಸಿದ ಅನ್ನವಿಟ್ಟರೆ, ಆ ಅಪರಿಚಿತ ವಾಸನೆ ಊಟದ ಹಿತದೊಂದಿಗೆ ಕ್ರಮೇಣ ಒಗ್ಗುತ್ತದೆ. ಬಳಿಕ ಬಾಗಿಲನ್ನು ಎರಡು ಬೆರಳಗಲ ತೆರೆದು ನೋಡಿರಿ. ಬುಸುಗುಟ್ಟಿದರೆ ಗದರಿಸಬಾರದು, ಅದು ದೂರವಿರೆಂಬ ಎಚ್ಚರಿಕೆಯಷ್ಟೆ. ‘ಕಚ್ಚಾಡಿ ರಾಜಿಯಾಗಲಿ’ ಎಂದು ಎದುರುಬದುರು ಬಿಡುವ ರೂಢಿಯನ್ನಂತೂ ನಾನು ಒಪ್ಪಲಾರೆ. ಎರಡಕ್ಕೂ ಊಟದ ತಟ್ಟೆ ಪ್ರತ್ಯೇಕವಿರಲಿ. ಮಲವಿಸರ್ಜನೆಗೆ ಮರಳು ತುಂಬಿದ ತಟ್ಟೆಗಳು ಮೂರಿದ್ದರೆ ಒಳ್ಳೆಯದು.