ಕೊಲೊರಾಡೊದ ಪಬ್ಲಿಕ್ ಲ್ಯಾಂಡ್‌ನಲ್ಲಿ ಬೇಟೆಗೆ ಹೋದರೆ ಗಾಡಿಯನ್ನು ಎಲ್ಲಿವರೆಗೆ ಒಯ್ಯಬಹುದು?

ನಿಮ್ಮ ಪ್ರಶ್ನೆ ಇದು: ಡೆನ್ವರ್‌ಗೆ ಬಂದು ಎರಡು ವರ್ಷ ಆಗಿದೆ, ಆಫೀಸಿನ ಗೆಳೆಯ ಅಕ್ಟೋಬರ್‌ನಲ್ಲಿ ಎಲ್ಕ್ (ಇಲ್ಲಿಯ ದೊಡ್ಡ ಜಿಂಕೆ) ಬೇಟೆಗೆ ಕರೆದಿದ್ದಾನೆ. 'ಪಬ್ಲಿಕ್ ಲ್ಯಾಂಡ್ ಎಲ್ಲರದ್ದು, ಎಟಿವಿ (ಗುಡ್ಡ-ಕಾಡಿನಲ್ಲಿ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ) ಹತ್ತಿಕೊಂಡು ಎಲ್ಲಿ ಬೇಕಾದರೂ ಹೋಗೋಣ, ಹೊಡೆದದ್ದನ್ನು ಅದರ ಮೇಲೇ ಹಾಕಿಕೊಂಡು ಬರೋಣ' ಅಂತಿದ್ದಾನೆ. ಇದು ನಿಜವಾ?

ಅರ್ಧ ನಿಜ. ಜಾಗ ಎಲ್ಲರದ್ದು, ನಡೆದುಕೊಂಡು ಹೋಗುವುದಾದರೆ ಹೆಚ್ಚಿನ ಕಡೆ ಯಾರೂ ತಡೆಯಲ್ಲ. ಗಾಡಿಗೆ ಮಾತ್ರ ಆ ಸ್ವಾತಂತ್ರ್ಯ ಇಲ್ಲ. ನಿಮ್ಮ ಗೆಳೆಯ ಹೇಳಿದ್ದರಲ್ಲಿ ಎಟಿವಿ ಬಂದ ಕಡೆಯೆಲ್ಲ ಅನುಮಾನ ಪಡಿ.

ನಾನು ಸಕಲೇಶಪುರದ ಕಡೆಯವನು. ನಮ್ಮೂರಲ್ಲಿ ಕಾಡು ಅಂದರೆ ಗೇಟು, ಗಾರ್ಡು, ರಶೀದಿ ಪುಸ್ತಕ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದು ಅಜ್ಜ ಹೇಳುವ ಕಥೆಯಾಗಿ ಉಳಿಯಿತು. ಇಲ್ಲಿಗೆ ಬಂದಾಗ ನ್ಯಾಷನಲ್ ಫಾರೆಸ್ಟ್‌ಗೆ ಗೇಟೂ ಇಲ್ಲ, ಕೇಳೋರೂ ಇಲ್ಲ. ಹಾಗಾದರೆ ನಿಯಮವೂ ಇಲ್ಲ ಅಂದುಕೊಂಡೆ. ದಂಡ ಕಟ್ಟಿ ಕಲಿತ ಪಾಠ ಇದು.

ಮೊದಲ ವರ್ಷ ಹುಲ್ಲುಗಾವಲಿನ ಮಧ್ಯೆ ಎರಡು ಟೈರ್ ಗುರುತು ಕಾಣಿಸಿತು. ಬೇರೆ ಟ್ರಕ್ಕುಗಳು ಹೋಗಿ ಹೋಗಿ ಹುಲ್ಲು ಮಲಗಿತ್ತು. ಬೋರ್ಡ್ ಇಲ್ಲ, ಸರಪಳಿ ಇಲ್ಲ. ನಾನೂ ಅದೇ ಜಾಡಿನಲ್ಲಿ ಹೋಗಿ ಒಂದು ಫರ್ಲಾಂಗು ಒಳಗೆ ಮರದ ಕೆಳಗೆ ನಿಲ್ಲಿಸಿದೆ. ಸಂಜೆ ವಾಪಸ್ ಬಂದರೆ ಗಾಡಿ ಪಕ್ಕ ಇನ್ನೊಂದು ಗಾಡಿ, ಅದಕ್ಕೆ ಒರಗಿಕೊಂಡು ಅಧಿಕಾರಿ. "ಇಲ್ಲಿ ಬರಬಾರದು ಅಂತ ಎಲ್ಲೂ ಬರೆದಿರಲಿಲ್ಲವಲ್ಲ" ಅಂದೆ. ಮಾತಾಡದೆ ಬಾನೆಟ್ ಮೇಲೆ ಮ್ಯಾಪ್ ಹರಡಿದರು. ನಾನು ಬಂದ ದಾರಿ ಅದರಲ್ಲಿ ಇರಲೇ ಇಲ್ಲ.

ವಿಷಯ ಇರೋದೇ ಅಲ್ಲಿ. 2005ರಲ್ಲಿ ನ್ಯಾಷನಲ್ ಫಾರೆಸ್ಟ್‌ಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್ ಟ್ರಾವೆಲ್ ಮ್ಯಾನೇಜ್‌ಮೆಂಟ್ ರೂಲ್ ತಂದು ಹಳೇ ಲೆಕ್ಕ ತಿರುಗಿಸಿತು. ಮೊದಲು ಹಲವು ಕಡೆ 'ಮುಚ್ಚಿದೆ ಅಂತ ಬೋರ್ಡ್ ಇಲ್ಲದಿದ್ದರೆ ತೆರೆದಿದೆ' ಅನ್ನೋ ರೂಢಿ ಇತ್ತು. ಈಗ 'ಮ್ಯಾಪ್‌ನಲ್ಲಿ ಇಲ್ಲದಿದ್ದರೆ ಮುಚ್ಚಿದೆ.' ಆ ಮ್ಯಾಪ್ ಹೆಸರು ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್. ಎಲ್ಲರೂ ಎಂವಿಯುಎಂ ಅನ್ನುತ್ತಾರೆ. ರೇಂಜರ್ ಆಫೀಸಿನಲ್ಲಿ ಪುಕ್ಕಟೆ ಸಿಗುತ್ತದೆ, ಅವೆನ್ಜಾ ಆ್ಯಪ್‌ನಲ್ಲೂ ಇಳಿಸಿಕೊಳ್ಳಬಹುದು. ನೋಡೋಕೆ ಚೆನ್ನಾಗಿಲ್ಲ. ಕಪ್ಪು-ಬಿಳುಪು, ಗುಡ್ಡದ ಏರಿಳಿತವೂ ಇಲ್ಲ, ಬರೀ ಗೆರೆ ಮತ್ತು ನಂಬರು. ಪಕ್ಕದಲ್ಲಿ ಒಂದು ಕೋಷ್ಟಕ: ಯಾವ ನಂಬರಿನ ದಾರಿಯಲ್ಲಿ ಯಾವ ಬಗೆಯ ಗಾಡಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ಎಲ್ಲರೂ ಗೆರೆ ನೋಡಿ ಕೋಷ್ಟಕ ಬಿಡುತ್ತಾರೆ. ನೀವು ಕೋಷ್ಟಕವನ್ನೇ ಮೊದಲು ಓದಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡಲ್ಲ ಅಲ್ವಾ? ಇಲ್ಲಿ ಗಂಟೆ ಬದಲು ತಿಂಗಳ ಲೆಕ್ಕ. ಸೆಪ್ಟೆಂಬರ್‌ನಲ್ಲಿ ಹೋಗಿ ನೋಡಿ ಬಂದ ದಾರಿ ನವೆಂಬರ್‌ನಲ್ಲಿ ಮುಚ್ಚಿರಬಹುದು.

ಕ್ಯಾಂಪ್ ಹಾಕಲು ರಸ್ತೆಯಿಂದ ಪಕ್ಕಕ್ಕೆ ಎಷ್ಟು ದೂರ ಇಳಿಯಬಹುದು ಅನ್ನೋದೂ ಅದೇ ಮ್ಯಾಪ್‌ನಲ್ಲಿ ಇರುತ್ತದೆ. ಕೆಲವು ಫಾರೆಸ್ಟ್‌ಗಳಲ್ಲಿ 300 ಅಡಿ, ಕೆಲವು ಕಡೆ ರಸ್ತೆ ಅಂಚಿನಲ್ಲಷ್ಟೇ. ಗೆಳೆಯನ ಗೆಳೆಯ ಹೇಳಿದ ಅಳತೆ ನಂಬಬೇಡಿ. ಅದು ಇನ್ನೊಂದು ಫಾರೆಸ್ಟ್‌ನದ್ದಾಗಿರುತ್ತದೆ. ಇ-ಬೈಕ್ ಸದ್ದು ಮಾಡಲ್ಲ, ಅದನ್ನಾದರೂ ಒಯ್ಯೋಣ ಅಂತ ಯೋಚಿಸಿದ್ದರೆ, ಫಾರೆಸ್ಟ್ ಸರ್ವಿಸ್ ಲೆಕ್ಕದಲ್ಲಿ ಅದೂ ಮೋಟಾರ್ ಗಾಡಿಯೇ. ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಫೆಡರಲ್ ಸರ್ಕಾರದ ಇನ್ನೊಂದು ಇಲಾಖೆ) ಜಾಗಕ್ಕೆ ಬೇರೆಯದೇ ಮ್ಯಾಪ್ ಇರುತ್ತದೆ, ಅದನ್ನು ಆಯಾ ಫೀಲ್ಡ್ ಆಫೀಸಿನಲ್ಲಿ ಕೇಳಬೇಕು.

ಈಗ ಹೊಡೆದ ಎಲ್ಕ್ ತರೋಕೆ ಗಾಡಿ ಬಿಡುತ್ತಾರಾ ಅನ್ನೋದು. ಕೆಲವು ಫಾರೆಸ್ಟ್‌ಗಳಲ್ಲಿ ದೊಡ್ಡ ಪ್ರಾಣಿ ಹೊಡೆದ ಮೇಲೆ ಅದನ್ನು ತರಲು ರಸ್ತೆ ಬಿಟ್ಟು ಇಂತಿಷ್ಟು ದೂರ ಹೋಗಬಹುದು ಅನ್ನೋ ವಿನಾಯಿತಿ ಇದೆ. ಇದ್ದರೆ ಎಂವಿಯುಎಂನಲ್ಲೇ ಬರೆದಿರುತ್ತಾರೆ. ಬರೆದಿಲ್ಲ ಅಂದರೆ ಇಲ್ಲ, ಅಷ್ಟೇ. 'ಸತ್ತ ಪ್ರಾಣಿ ಕೊಳೆಯುತ್ತದೆ ಸಾರ್' ಅನ್ನೋ ವಾದ ನಡೆಯಲ್ಲ. ಮಾಂಸ ಹಾಳು ಮಾಡಿದರೆ ಅದಕ್ಕೆ ಬೇರೆ ಕೇಸು.

ಆದ್ದರಿಂದ ಬೇಟೆಯ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಪ್ಪ. ಬೆಳೆದ ಗಂಡು ಸುಮಾರು 300 ಕೆಜಿ ತೂಗುತ್ತದೆ. ಮೂಳೆ ಸಮೇತ ಒಂದು ಹಿಂದೊಡೆಯೇ 30 ಕೆಜಿ ಹತ್ತಿರ. ನನ್ನ ಮೊದಲ ಎಲ್ಕ್ ಬಿದ್ದದ್ದು ಟ್ರಕ್‌ನಿಂದ ಮೂರು ಕಿಲೋಮೀಟರ್ ದೂರದಲ್ಲಿ, ಅದೂ ಕಣಿವೆಯ ತಳದಲ್ಲಿ. ನಾವಿದ್ದದ್ದು ಇಬ್ಬರು. ಸಂಜೆ ನಾಲ್ಕಕ್ಕೆ ಬಿಡಿಸಲು ಶುರು ಮಾಡಿದೆವು, ಕೊನೆಯ ಹೊರೆ ಟ್ರಕ್‌ಗೆ ಬಂದಾಗ ರಾತ್ರಿ ಎರಡು ಗಂಟೆ. ತಲೆಗೆ ಕಟ್ಟಿದ ಲೈಟಿನ ಬೆಳಕಿನಲ್ಲಿ ನನ್ನ ಉಸಿರಿನ ಹಬೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಣದಿಂದ ಕಾಫಿ ಮೂಟೆ ಹೊತ್ತವನು ನಾನು, ಅದೇನು ಮಹಾ ಅಂದುಕೊಂಡಿದ್ದೆ. ಮೂಟೆ ಬೆನ್ನ ಮೇಲೆ ಸುಮ್ನೆ ಕೂರುತ್ತದೆ. ತೊಡೆ ಹಾಗಲ್ಲ, ಹೆಜ್ಜೆಗೊಮ್ಮೆ ಆಚೆ ಈಚೆ ವಾಲುತ್ತದೆ. ಆ ದಿನದಿಂದ, ರಸ್ತೆಯಿಂದ ಎರಡು ಕಿಲೋಮೀಟರ್ ದಾಟಿ ಇಳಿಜಾರಿನಲ್ಲಿ ಎಲ್ಕ್ ಕಂಡರೆ ಕೋವಿ ಎತ್ತುವ ಮೊದಲು ಮೇಲೆ ತಿರುಗಿ ದಾರಿ ನೋಡುತ್ತೇನೆ.

ಕುದುರೆ ಮೇಲೆ ಹೇರಿ ತಂದುಕೊಡುವ ಪ್ಯಾಕರ್‌ಗಳು ಇದ್ದಾರೆ. ಸೀಸನ್ ಮೊದಲೇ ಮಾತಾಡಿಟ್ಟುಕೊಳ್ಳಿ. ಕಾಡಿನಿಂದ ಫೋನ್ ಮಾಡೋಣ ಅಂದರೆ ಸಿಗ್ನಲ್ ಸಿಗಲ್ಲ.

ವಿಲ್ಡರ್ನೆಸ್ (ಕಾನೂನಿನಲ್ಲೇ ಕಾಡು ಕಾಡಾಗಿ ಉಳಿಯಲಿ ಅಂತ ಬಿಟ್ಟದ್ದು) ಅಂತ ಗುರುತಾದ ಜಾಗಕ್ಕೆ ಹೋಗುವುದಾದರೆ ನಿಯಮ ಇನ್ನೂ ಬಿಗಿ. 1964ರ ಕಾಯ್ದೆ ಪ್ರಕಾರ ಅಲ್ಲಿ ಮೋಟಾರ್ ಅಷ್ಟೇ ಅಲ್ಲ, ಯಾಂತ್ರಿಕ ಸಾಗಣೆಯೇ ಇಲ್ಲ. ಸೈಕಲ್ ಇಲ್ಲ, ಮಾಂಸ ಎಳೆಯುವ ಎರಡು ಚಕ್ರದ ಕೈಗಾಡಿಯೂ ಇಲ್ಲ. ನಡೆಯಲಾಗದವರ ಗಾಲಿಕುರ್ಚಿಗೆ ಅವಕಾಶ ಇದೆ. ಕುದುರೆ, ಹೇಸರಗತ್ತೆ ಓಕೆ. ಪಕ್ಕದ ವಯೋಮಿಂಗ್‌ನಲ್ಲಿ ಇನ್ನೊಂದು ತಿರುವು. ಹೊರ ರಾಜ್ಯದವರು ವಿಲ್ಡರ್ನೆಸ್‌ನಲ್ಲಿ ಎಲ್ಕ್‌ನಂಥ ದೊಡ್ಡ ಪ್ರಾಣಿ ಬೇಟೆ ಆಡಬೇಕಾದರೆ ಲೈಸೆನ್ಸ್ ಇರುವ ಗೈಡ್ ಅಥವಾ ಅಲ್ಲಿಯ ನಿವಾಸಿ ಜೊತೆಗಿರಬೇಕು. ಅದೇ ಜಾಗದಲ್ಲಿ ಬರೀ ಟ್ರೆಕ್ಕಿಂಗ್‌ಗೆ ಯಾರೂ ಬೇಕಿಲ್ಲ! ನನಗಂತೂ ಇದು ಗೈಡ್‌ಗಳ ಹೊಟ್ಟೆಪಾಡಿಗೆ ಮಾಡಿದ ನಿಯಮ ಅನ್ನಿಸುತ್ತದೆ.

ಗಾಡಿ ಬಿಡಿ, ಕೆಲವು ಕಡೆ ನಿಮ್ಮ ಕಾಲೂ ಹೋಗುವಂತಿಲ್ಲ. ಕೊಲೊರಾಡೊದಲ್ಲಿ ಬೇಲಿ, ಬೋರ್ಡ್ ಇಲ್ಲದಿದ್ದರೂ ಖಾಸಗಿ ಜಾಗದಲ್ಲಿ ಬೇಟೆಗೆ ಮಾಲೀಕರ ಅನುಮತಿ ಬೇಕೇ ಬೇಕು. ಸ್ಟೇಟ್ ಟ್ರಸ್ಟ್ ಲ್ಯಾಂಡ್ ಹೆಸರು ಕೇಳಿ ಮೋಸ ಹೋಗಬೇಡಿ. ರಾಜ್ಯದ ಪಬ್ಲಿಕ್ ಆ್ಯಕ್ಸೆಸ್ ಯೋಜನೆಯಲ್ಲಿ ಸೇರಿಸಿದ ತುಂಡುಗಳಷ್ಟೇ ಬೇಟೆಗೆ ತೆರೆದಿರುತ್ತವೆ.

ಇನ್ನು ಚೆಸ್ ಬೋರ್ಡ್ ಜಾಗಗಳು. 19ನೇ ಶತಮಾನದಲ್ಲಿ ರೈಲ್ವೆ ಕಂಪನಿಗಳಿಗೆ ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿ ಅಂತ ಜಾಗ ಕೊಟ್ಟರು. ಹೀಗಾಗಿ ಸರ್ಕಾರಿ ಚೌಕಕ್ಕೆ ಇನ್ನೊಂದು ಸರ್ಕಾರಿ ಚೌಕ ಮೂಲೆಯಲ್ಲಿ ಮಾತ್ರ ತಾಗುತ್ತದೆ. 2021ರಲ್ಲಿ ಮಿಸೌರಿಯ ನಾಲ್ವರು ವಯೋಮಿಂಗ್‌ನ ಎಲ್ಕ್ ಮೌಂಟನ್ ಹತ್ತಿರ ಏಣಿ ಇಟ್ಟು, ಖಾಸಗಿ ನೆಲಕ್ಕೆ ಕಾಲಿಡದೆ ಮೂಲೆಯಿಂದ ಮೂಲೆಗೆ ದಾಟಿದರು. ಕ್ರಿಮಿನಲ್ ಕೇಸಿನಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ಜಾಗದ ಮಾಲೀಕರು ಸಿವಿಲ್ ದಾವೆ ಹೂಡಿದರು. 2025ರ ಮಾರ್ಚ್‌ನಲ್ಲಿ 10ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಅದಕ್ಕೆ ಆಧಾರ, ಸರ್ಕಾರಿ ಜಾಗಕ್ಕೆ ಹೋಗೋರನ್ನು ತಡೆಯಬಾರದು ಅನ್ನುವ 1885ರ ಒಂದು ಕಾಯ್ದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳಲಿಲ್ಲ. ಕೊಲೊರಾಡೊ ಈ ಸರ್ಕ್ಯೂಟ್‌ನಲ್ಲೇ (ಆ ಕೋರ್ಟಿನ ವ್ಯಾಪ್ತಿಯಲ್ಲೇ) ಬರುತ್ತದೆ, ಮೊಂಟಾನಾ ಬರಲ್ಲ. ಹಾಗಂತ ಮೊದಲ ಬೇಟೆಗೇ ಏಣಿ ಹೊರಬೇಡಿ. ಮೂಲೆ ಕಲ್ಲು ಎಲ್ಲಿದೆ ಅಂತ ಫೋನಿನ ಜಿಪಿಎಸ್ ನಂಬಿಕೊಂಡು ಹೋದರೆ ಕೆಲವು ಅಡಿ ಆಚೀಚೆ ಆಗೋದು ಮಾಮೂಲಿ.

ಕೋವಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಾಡಿಯೊಳಗೆ ರೈಫಲ್‌ನ ಚೇಂಬರ್ (ಹಾರಿಸುವ ಗುಂಡು ಕೂರುವ ಜಾಗ) ಖಾಲಿ ಇರಬೇಕು. ಎಲ್ಕ್ ಸೀಸನ್‌ನಲ್ಲಿ ಎಟಿವಿ ಮೇಲಾದರೆ ಮ್ಯಾಗಜೀನೂ ಖಾಲಿ, ಕೋವಿ ಚೀಲದೊಳಗೆ. ಗಾಡಿಯಿಂದ ಗುಂಡು ಹೊಡೆಯುವಂತಿಲ್ಲ. ನೀವು ಎಚ್1ಬಿ ವೀಸಾದಲ್ಲಿದ್ದರೆ ಇನ್ನೂ ಹುಷಾರು. ಫೆಡರಲ್ ಕಾನೂನಿನಲ್ಲಿ ನಾನ್-ಇಮಿಗ್ರಂಟ್ ವೀಸಾದವರು ಬಂದೂಕು ಹೊಂದುವಂತಿಲ್ಲ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ. ಕೊಡವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ನೆನಪಾಗುತ್ತದೆ, ಆದರೆ ಇದು ಆ ಹಂಟಿಂಗ್ ಲೈಸೆನ್ಸಿನ ಅವಧಿ ಮುಗಿಯುವವರೆಗೆ ಮಾತ್ರ. ಲೈಸೆನ್ಸ್ ಇಲ್ಲದೆ ಫೋಟೋಗೆ ಅಂತಲೂ ಗೆಳೆಯನ ರೈಫಲ್ ಹಿಡಿಯಬೇಡಿ. ಒಮ್ಮೆ ಇಮಿಗ್ರೇಷನ್ ವಕೀಲರನ್ನು ಕೇಳಿಕೊಂಡರೆ ಒಳ್ಳೆಯದು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಲೈಸೆನ್ಸ್‌ಗೆ ಮೊದಲು ಹಂಟರ್ ಎಜುಕೇಷನ್ ಕೋರ್ಸ್ ಕಡ್ಡಾಯ. ಅಂದರೆ ನಿಮಗೂ, ನನಗೂ.

ಇನ್ನೊಂದು ಮಾತು, ಎಟಿವಿ ಬಿಟ್ಟರೆ ಬೇಟೆ ಆಗಲ್ಲ ಅನ್ನೋದೂ ಸುಳ್ಳು. ಒರೆಗಾನ್‌ನ ಸ್ಟಾರ್ಕಿ ಸಂಶೋಧನಾ ಅರಣ್ಯದಲ್ಲಿ ಎಲ್ಕ್‌ಗಳಿಗೆ ಕಾಲರ್ ಹಾಕಿ ನೋಡಿದ್ದಾರೆ. ಎಟಿವಿ ಓಡಾಡುವ ದಾರಿಯಿಂದ ಅವು ದೂರ ಸರಿಯುತ್ತವೆ. ನಾನು ಎಲ್ಕ್ ನೋಡಿದ್ದೆಲ್ಲ ಗಾಡಿಗೆ ಮುಚ್ಚಿದ ದಾರಿಗಳ ಗೇಟಿನ ಆಚೆಗೇ.

ಗೆಳೆಯನ ಹತ್ತಿರ ಅವನ ಟ್ಯಾಗ್ (ಎಲ್ಕ್ ಲೈಸೆನ್ಸ್) ಮೇಲಿರುವ ಯೂನಿಟ್ (ಬೇಟೆ ವಲಯ) ನಂಬರ್ ಕೇಳಿ ಇಲ್ಲಿ ಬರೆಯಿರಿ. ಯಾವ ರೇಂಜರ್ ಆಫೀಸಿನ ಎಂವಿಯುಎಂ ಬೇಕು ಅಂತ ಹೇಳುತ್ತೇನೆ. ಬೆನ್ನಿಗೆ ಹೊರುವ ಫ್ರೇಮ್ ಪ್ಯಾಕ್ ಇಲ್ಲದಿದ್ದರೆ ನನ್ನ ಹತ್ತಿರ ಒಂದು ಹೆಚ್ಚುವರಿ ಇದೆ. ಎಡ ಭುಜದ ಪಟ್ಟಿ ಸ್ವಲ್ಪ ಹರಿದಿದೆ, ಹೊಲಿಸಿಕೊಳ್ಳಬೇಕು.