ಗುರುತು ಹಿಡಿಯದ ತಾಯಿಯನ್ನು ನೋಡಲು ತಿಂಗಳು ತಿಂಗಳು ಹೋಗಿ ಪ್ರಯೋಜನವೇನು?

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವ ನಿಮ್ಮ ತಾಯಿ ದಾವಣಗೆರೆಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ, ಬೆಂಗಳೂರಿನಿಂದ ಹೆಂಡತಿ ಮಕ್ಕಳೊಡನೆ ಹೋದರೂ ಗುರುತು ಹಿಡಿಯುವುದಿಲ್ಲ, ಬಂದು ಹೋದದ್ದು ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ ಎಂದು ಬರೆದಿದ್ದೀರಿ. ಅದೇ ಊರಿನಲ್ಲಿ, ಅದೇ ಕಾಯಿಲೆಯಿರುವ ನನ್ನ ಅವ್ವನನ್ನು ಆರು ವರ್ಷಗಳಿಂದ ಹುಬ್ಬಳ್ಳಿಯಿಂದ ಹೋಗಿ ನೋಡಿ ಬರುತ್ತಿದ್ದೇನೆ. ಹೋಗಿ ಎಂದೇ ಹೇಳುತ್ತೇನೆ, ಆದರೆ ಹೋಗುವ ರೀತಿಯನ್ನು ಬದಲಿಸಿಕೊಳ್ಳಬೇಕು.

ಮೊದಲೆರಡು ವರ್ಷ ನಾನು ಹೊಸ್ತಿಲು ದಾಟುತ್ತಲೇ ‘ಅವ್ವಾ, ನಾನ್ಯಾರು ಹೇಳು?’ ಎನ್ನುತ್ತಿದ್ದೆ. ಅವ್ವ ನನ್ನ ಮುಖ ನೋಡಿ, ಅತ್ತಿಗೆಯ ಮುಖ ನೋಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ‘ಗೊತ್ತೈತೆ ಬಿಡಪ್ಪ, ನಮ್ಮೋನೇ ಅಲ್ವೇನು’ ಎನ್ನುತ್ತಿದ್ದಳು. ಮರ್ಯಾದೆ ಉಳಿಸಿಕೊಳ್ಳಲು ಅವಳು ಪಡುತ್ತಿದ್ದ ಪಾಡು ಅದೆಂದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಜೈಮರ್ ಕಾಯಿಲೆಯಲ್ಲಿ ಹೊಸ ನೆನಪನ್ನು ಕಟ್ಟಿಕೊಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಮೊದಮೊದಲೇ ಸೊರಗುವುದರಿಂದ, ಬೆಳಗಿನ ತಿಂಡಿ ಮರೆತರೂ ಐವತ್ತು ವರ್ಷದ ಹಿಂದಿನ ಮದುವೆ ನೆನಪಿರುತ್ತದೆ. ಅವಳ ಮನಸ್ಸಿನಲ್ಲಿರುವ ಮಗ ಇನ್ನೂ ಚಡ್ಡಿ ತೊಟ್ಟ ಹುಡುಗ; ತಲೆ ನರೆತ ನನ್ನನ್ನು ಅವಳು ಮಗನೆಂದು ಹೇಗೆ ಒಪ್ಪಿಯಾಳು? ಈಗ ‘ನಾನು ನಿನ್ನ ಸಣ್ಣ ಮಗ, ಹುಬ್ಬಳ್ಳಿಯಿಂದ ಬಂದೆ’ ಎಂದು ನಾನೇ ಹೇಳಿ, ಅವಳ ಕಣ್ಣಿಗೆ ಕಾಣುವಂತೆ ಎದುರು ಕೂರುತ್ತೇನೆ.

ಮರೆತುಹೋಗುವ ಭೇಟಿಯಿಂದ ಏನು ಸಿಕ್ಕೀತು ಎಂಬ ನಿಮ್ಮ ಪ್ರಶ್ನೆಗೆ, 2014ರಲ್ಲಿ ಪ್ರಕಟವಾದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಉತ್ತರ ಕೊಡುತ್ತದೆ. ಅಲ್ಜೈಮರ್ ಇರುವವರಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದಾಗ, ಕಂಡದ್ದೇನೆಂಬುದು ಬೇಗನೆ ಅಳಿಸಿಹೋದರೂ ಅದು ಮೂಡಿಸಿದ ಭಾವ ಉಳಿದೇ ಇತ್ತು. ನಾನು ಹೊರಟ ಮೇಲೂ ಅವ್ವ ಮಧ್ಯಾಹ್ನದವರೆಗೆ ನೆಮ್ಮದಿಯಾಗಿರುತ್ತಾಳೆ, ಬಂದವರು ಯಾರೆಂದು ಕೇಳಿದರೆ ಮಾತ್ರ ಹೇಳಲಾರಳು ಎನ್ನುತ್ತಾರೆ ಅತ್ತಿಗೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಹೋಗಿ. ಹೊತ್ತಿಳಿದಂತೆ ಗೊಂದಲ ಹೆಚ್ಚುವುದು ಇವರಲ್ಲಿ ಸಾಮಾನ್ಯ. ಅಪ್ಪ ಹತ್ತಿಮಿಲ್ಲಿನಲ್ಲಿದ್ದವರು, ಊರಿನ ಮಿಲ್ಲುಗಳ ಸೈರನ್ ನಿಂತು ಎಷ್ಟೋ ಕಾಲವಾದರೂ ಅವ್ವ ಸಂಜೆಯಾದರೆ ‘ಶಿಫ್ಟು ಬಿಡೋ ಹೊತ್ತಾತು, ನಿಮ್ಮಪ್ಪ ಬರ್ತಾರೆ’ ಎಂದು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಒಮ್ಮೆ ನಾನು, ದೊಡ್ಡ ಸತ್ಯವಂತನಂತೆ, ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು ಎಂದುಬಿಟ್ಟೆ. ಆಗಷ್ಟೇ ಸುದ್ದಿ ತಿಳಿದವಳಂತೆ ಅವಳು ಗೋಳಾಡಿದಳು. ರಾತ್ರಿ ಊಟವನ್ನೂ ಮಾಡಲಿಲ್ಲ. ಈಗ ‘ಅಪ್ಪಗೆ ಏನು ಅಡಿಗೆ ಮಾಡೋಣ?’ ಎನ್ನುತ್ತೇವೆ, ಅವಳು ರೊಟ್ಟಿಯ ಮಾತಿಗೆ ತಿರುಗುತ್ತಾಳೆ. ಇದನ್ನು ಸುಳ್ಳೆನ್ನುವವರು ಅಂದಿನ ಅವಳ ಅಳುವನ್ನು ಕೇಳಿಲ್ಲ.

ಒಂದೇ ಸಲ ಇಬ್ಬರಿಗಿಂತ ಹೆಚ್ಚು ಜನ ಸುತ್ತ ಕೂರಬೇಡಿ, ಟಿವಿ ಆರಿಸಿ. ಮಾತು ಸಾಗದಿದ್ದಾಗ ಕೈಗೆ ಕೆಲಸ ಕೊಡಿ, ಏಕೆಂದರೆ ಕೈಯ ರೂಢಿ ಮಾತಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ನಾನು ಹತ್ತಿ ತಂದು ಮುಂದಿಟ್ಟರೆ ಅವ್ವ ಬೀಜ ಬಿಡಿಸಿ, ಅಂಗೈಗೆ ಚೂರು ವಿಭೂತಿ ಸವರಿಕೊಂಡು ಬತ್ತಿ ಹೊಸೆಯುತ್ತಾಳೆ. ನನ್ನ ಬತ್ತಿ ಸಡಿಲವಾದರೆ ಕಿತ್ತುಕೊಂಡು ಮತ್ತೆ ಹೊಸೆಯುತ್ತಾಳೆ. ತಿನ್ನಲು ಮಂಡಕ್ಕಿ ಒಯ್ಯುವ ಮುನ್ನ ನುಂಗಲು ತೊಂದರೆಯಿದೆಯೇ ಎಂದು ನಿಮ್ಮ ಅತ್ತಿಗೆಯನ್ನು ಕೇಳಿ. ಒಣ ಪದಾರ್ಥ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಏರಿದರೆ ಕಾಯಿಲೆ ಬೆಳೆಯಿತೆಂದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ.

ಇನ್ನೊಂದು ಮಾತು ನಿಮ್ಮ ಅತ್ತಿಗೆಯ ಪರವಾಗಿ. ನೀವು ಹೋದ ದಿನ ಅವರಿಂದ ಅಡಿಗೆ ಮಾಡಿಸಿಕೊಳ್ಳಬೇಡಿ, ಬೆಣ್ಣೆದೋಸೆ ಕಟ್ಟಿಸಿಕೊಂಡು ಹೋಗಿ. ನಾನು ಅವ್ವನ ಬಳಿ ಕೂತ ಆ ಮೂರು ಗಂಟೆಯಲ್ಲಿ ನಮ್ಮ ಅತ್ತಿಗೆ ದುಗ್ಗಮ್ಮನ ಗುಡಿಗೆ ಹೋಗಿ, ತಂಗಿಯ ಮನೆಯಲ್ಲಿ ಚಹ ಕುಡಿದು, ನಿಧಾನವಾಗಿ ನಡೆದುಕೊಂಡೇ ಬರುತ್ತಾರೆ.